ಹಳೇ ಕಾಡುಮರ ತೆಗ್ದು ಸಿಲ್ವರ್ ಓಕ್ ಹಾಕೋದಾ? ಕೊಡಗಿನ ಕಕ್ಕಬೆ ಕಡೆ ಕಾಫಿ ತೋಟ, ಗೊತ್ತಿರೋರು ಹೇಳಿ

ಕಕ್ಕಬೆ_ಏಲಕ್ಕಿ
ಎಲ್ರಿಗೂ ನಮಸ್ಕಾರ. ನಮ್ಮ ತೋಟ ಕಕ್ಕಬೆ ಕಡೆ, ತಡಿಯಂಡಮೋಳ್ ಬುಡದಲ್ಲಿ, ಮೇಲಿನ ಬೇಲಿ ದಾಟಿದ್ರೆ ಪಡಿನಾಲ್ಕುನಾಡ್ ರಿಸರ್ವ್ ಕಾಡೇ. ಅಜ್ಜನ ಕಾಲದಲ್ಲಿ ಏಲಕ್ಕಿ ಇದ್ದ ಜಾಗ, ಆಮೇಲೆ ಅರೇಬಿಕಾ ಕಾಫಿ ಹಾಕಿದ್ದು, ಹಾಗಾಗಿ ನೆರಳಿಗೆ ಇರೋದೆಲ್ಲ ಕಾಡುಮರಾನೇ, ಹೆಬ್ಬಲಸು, ಕರಿಧೂಪ, ನಾಗಸಂಪಿಗೆ, ದೊಡ್ಡ ಗೋಳಿ ಮರ, ಇನ್ನು ಹೆಸ್ರು ಗೊತ್ತಿಲ್ಲದ್ದು ಬೇಕಾದಷ್ಟು. ಈಗ ತೋಟ ನನ್ನ ಮತ್ತೆ ಅಣ್ಣನ ಕೈಗೆ ಬಂದಿದೆ. ಅಣ್ಣ ಹೇಳೋದು ಏನಂದ್ರೆ ನೆರಳು ಜಾಸ್ತಿಯಾಗಿ ಕಾಫಿ ಕಚ್ತಾ ಇಲ್ಲ, ಪರ್ಮಿಶನ್ ಸಿಗೋ ಮರ ಎಲ್ಲ ಕೊಟ್ಟು ಸಿಲ್ವರ್ ಓಕ್ ಹಾಕಿ ಒಳ್ಳೆಮೆಣಸು ಹತ್ತಿಸೋಣ ಅಂತ. ಮರದ ವ್ಯಾಪಾರಿ ಬಂದು ನೋಡ್ಕೊಂಡೂ ಹೋಗಿದಾರೆ. ನಂಗೆ ಮನಸ್ಸು ಒಪ್ತಾ ಇಲ್ಲ, ಆದ್ರೆ ಅಣ್ಣನ ಎದುರು ಬರೀ ಮನಸ್ಸು ಒಪ್ಪಲ್ಲ ಅಂದ್ರೆ ನಡೆಯಲ್ಲ ಅಲ್ವಾ, ಲೆಕ್ಕ ಬೇಕು. ಈ ಮರಗಳಲ್ಲಿ ನಿಜವಾಗ್ಲೂ ಏನೇನು ಬದುಕ್ತದೆ, ಕಾಡು ಪಕ್ಕದಲ್ಲೇ ಇರ್ಬೇಕಾದ್ರೆ ನಮ್ಮ ತೋಟದ ಮರ ಹೋದ್ರೆ ಏನು ನಷ್ಟ? ಗೊತ್ತಿರೋರು ಬಿಡಿಸಿ ಹೇಳಿ.

ಗಾಳಿಬೀಡು_ಮಳೆ
ಒಳ್ಳೇ ಪ್ರಶ್ನೆ ಕೇಳಿದೀರ. ಉದ್ದ ಆಗುತ್ತೆ, ಓದಿ.

ಮೊದ್ಲು ಒಂದು ವಿಷಯ, ಕೊಡಗಿನ ಕಾಡು ಅಂತ ಒಂದೇ ಕಾಡು ಇಲ್ಲ. ಭಾಗಮಂಡಲದಲ್ಲಿ ವರ್ಷಕ್ಕೆ 5,000 ಮಿ.ಮೀ. ದಾಟೋ ಮಳೆ, ಕುಶಾಲನಗರಕ್ಕೆ ಬಂದ್ರೆ 1,000 ಚಿಲ್ಲರೆ, ಮಧ್ಯೆ ಇರೋದು ರಸ್ತೇಲಿ 70 ಕಿ.ಮೀ. ಅಷ್ಟೇ. ಅಷ್ಟರೊಳಗೆ ಕಾಡು ಪೂರ್ತಿ ಬೇರೆಯಾಗಿಬಿಡುತ್ತೆ. ಪಶ್ಚಿಮದ ಅಂಚಲ್ಲಿ ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಅಂತ ಮೂರು ವನ್ಯಧಾಮ, ಎಲ್ಲಾ ನಿತ್ಯಹರಿದ್ವರ್ಣ, ಕೆಳಗೆ ಮಾಕುಟ್ಟ ಘಾಟಿ ಇಳೀತಾ ಹೋದ್ರೆ ಇನ್ನೂ ಎತ್ತರದ ಧೂಪದ ಮರಗಳು. ಅವೇ ಬೆಟ್ಟಗಳ ತಲೆ ಮೇಲೆ ಹುಲ್ಲುಗಾವಲು, ಬೆಟ್ಟದ ಮಡಿಕೆಗಳಲ್ಲಿ ಶೋಲಾ, ಅಂದ್ರೆ ಗಿಡ್ಡ ಮರಗಳ ದಟ್ಟ ಕಾಡು. ತಡಿಯಂಡಮೋಳ್ 1,748 ಮೀಟರ್, ಕುಮಾರಪರ್ವತ 1,712, ಎರಡೂ ಕಡೆ ಈ ನೋಟ ಸಿಗುತ್ತೆ. ಪೂರ್ವಕ್ಕೆ ಬಂದ್ರೆ ಮತ್ತಿ, ಹೊನ್ನೆ, ಬೀಟೆ, ತೇಗ, ಬಿದಿರು, ಅದು ನಾಗರಹೊಳೆ ಕಡೆಯ ಎಲೆ ಉದುರೋ ಕಾಡು. ಹುಲಿ, ಜಿಂಕೆ, ಆನೆ ಹಿಂಡು ಅಲ್ಲಿ ಜಾಸ್ತಿ. ಸಿಂಗಳೀಕ, ದೊಡ್ಡ ಮಂಗಟ್ಟೆ (ಹಾರ್ನ್‌ಬಿಲ್ ಹಕ್ಕಿ), ನೀಲಗಿರಿ ಮಾರ್ಟನ್ (ಮರ ಹತ್ತೋ ಸಣ್ಣ ಬೇಟೆ ಪ್ರಾಣಿ) ಬೇಕಾದ್ರೆ ಪಶ್ಚಿಮಕ್ಕೇ ಬರ್ಬೇಕು.

2012ರಲ್ಲಿ ಪಶ್ಚಿಮಘಟ್ಟದ 39 ಜಾಗಗಳನ್ನ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತಲ್ಲ, ಅದ್ರಲ್ಲಿ ಈ ಮೂರು ವನ್ಯಧಾಮದ ಜೊತೆ ನಿಮ್ಮ ಬೇಲಿಯಾಚೆ ಇರೋ ಪಡಿನಾಲ್ಕುನಾಡೂ ಸೇರಿದೆ. ಅಂದ್ರೆ ನಿಮ್ಮ ತೋಟದ ಮೇಲಿನ ಸಾಲು ಯಾವ್ದೋ ಒಂದು ಅಂಚು ಅಂತ ನೋಡ್ಬೇಡಿ.

ಈಗ ವಿಷಯಕ್ಕೆ. ಪುಷ್ಪಗಿರಿ 102 ಚದರ ಕಿ.ಮೀ., ತಲಕಾವೇರಿ 105, ಬ್ರಹ್ಮಗಿರಿ 181. ಕಾಗದದ ಮೇಲೆ ದೊಡ್ಡದಾಗಿ ಕಾಣುತ್ತೆ, ಆದ್ರೆ ಎಲ್ಲಾ ಬೆಟ್ಟದ ಏಣಿನ ಉದ್ದಕ್ಕೆ ಉದ್ದುದ್ದ ತೆಳ್ಳಗೆ ಇರೋ ಕಾಡುಗಳು. ಒಂದು ಮಂಗಟ್ಟೆ ಜೋಡಿಗೆ ವರ್ಷಪೂರ್ತಿ ಹಣ್ಣು ಸಿಗ್ಬೇಕು ಅಂದ್ರೆ ಅದು ಕಾಡಿನ ಗಡಿಕಲ್ಲು ನೋಡ್ಕೊಂಡು ಹಾರಲ್ಲ. ಮೇಲಿನ ಕಾಡಲ್ಲಿ ಹಣ್ಣು ಮುಗಿದಾಗ ಕೆಳಗೆ ತೋಟದ ಗೋಳಿಗೆ ಬರುತ್ತೆ, ಅಲ್ಲಿಂದ ದೇವರಕಾಡಿಗೆ (ದೇವರ ಹೆಸರಲ್ಲಿ ಊರಿನವ್ರು ಕಾಯೋ ಕಾಡು) ಹೋಗುತ್ತೆ, ಅಲ್ಲಿಂದ ಇನ್ನೊಂದು ತೋಟ. ಈ ಮಧ್ಯದ ಮರಗಳು ಹೋದ್ರೆ ವನ್ಯಧಾಮ ಉಳಿದ್ರೂ ಒಳಗಿರೋ ಪ್ರಾಣಿಗೆ ಹೊಟ್ಟೆಗೆ ಸಾಲಲ್ಲ. ನಂಗೆ ಅನ್ಸೋದು ಇಷ್ಟೇ, ಕೊಡಗಿನ ಕಾಡಿನ ಹಣೆಬರಹ ಅರ್ಧ ಬರೆಯೋದು ಅರಣ್ಯ ಇಲಾಖೆ, ಇನ್ನರ್ಧ ಬರೆಯೋದು ತೋಟದವ್ರು.

ಪೊನ್ನಂಪೇಟೆ_ಹಕ್ಕಿನೋಟ
ಮಂಗಟ್ಟೆ ಮಾತು ಬಂತಲ್ಲ, ಸ್ವಲ್ಪ ಹೇಳ್ತೀನಿ. ನಮ್ಮಲ್ಲಿ ಎರಡು ಥರ ಸುಮಾರಾಗಿ ಕಾಣ್ಸುತ್ತೆ. ಒಂದು ಮಲಬಾರ್ ಬೂದು ಮಂಗಟ್ಟೆ, ಪಶ್ಚಿಮಘಟ್ಟ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ, ಕೂಗಿದ್ರೆ ಯಾರೋ ಕೀರಲಾಗಿ ನಗ್ತಾ ಇದಾರೆ ಅನ್ಸುತ್ತೆ, ತೋಟದಲ್ಲಿ ಕೆಲ್ಸ ಮಾಡೋರಿಗೆಲ್ಲ ಗೊತ್ತು. ಇನ್ನೊಂದು ದೊಡ್ಡ ಮಂಗಟ್ಟೆ, ರೆಕ್ಕೆ ಬಡಿದ್ರೆ ಕೆಳಗೆ ನಿಂತೋರಿಗೆ ಉಸಿರು ಎಳೆದ ಹಾಗೆ ಸದ್ದು ಕೇಳುತ್ತೆ.

ಇವುಕ್ಕೆ ಗೂಡು ಕಟ್ಟೋಕೆ ಬರಲ್ಲ, ಪೊಟರೆ ಬೇಕು. ಅದೂ ಸಣ್ಣ ಮರದ ಪೊಟರೆ ಆಗಲ್ಲ, ದೊಡ್ಡ ಮಂಗಟ್ಟೆ ಒಳಗೆ ಕೂರ್ಬೇಕು ಅಂದ್ರೆ ಮರ ಎಷ್ಟು ದಪ್ಪ ಇರ್ಬೇಕು ಯೋಚನೆ ಮಾಡಿ. ಫೆಬ್ರವರಿ ಹೊತ್ತಿಗೆ ಹೆಣ್ಣು ಪೊಟರೆ ಒಳಗೆ ಹೋಗಿ ತನ್ನ ಹಿಕ್ಕೆ, ಹಣ್ಣಿನ ತಿರುಳು ಎಲ್ಲ ಸೇರ್ಸಿ ಬಾಯಿ ಮುಚ್ಕೊಳ್ಳುತ್ತೆ, ಕೊಕ್ಕಿನ ತುದಿ ತೂರೋಷ್ಟು ಒಂದು ಸೀಳು ಮಾತ್ರ ಬಿಡುತ್ತೆ. ನಾನು ಒಂದು ತೋಟದಲ್ಲಿ ದೂರದಿಂದ ದುರ್ಬೀನಲ್ಲಿ ನೋಡಿದೀನಿ, ಗಂಡು ಬಂದು ಕಾಂಡಕ್ಕೆ ಒರಗಿ ಕೂತು ಗಂಟಲಿಂದ ಒಂದೊಂದೇ ಗೋಳಿಹಣ್ಣು ಕಕ್ಕಿ ಕೊಕ್ಕಿನ ತುದಿಗೆ ತಂದು ಆ ಸೀಳಿನೊಳಗೆ ಕೊಡ್ತಾ ಇತ್ತು, ಒಳಗಿಂದ ಬಿಳೀ ಕೊಕ್ಕಿನ ತುದಿ ಬಂದು ಇಸ್ಕೊಂಡು ಒಳಗೆ ಹೋಗೋದು, ಹೀಗೇ ನಡೀತಾನೇ ಇತ್ತು, ಮುಗಿಯೋ ಲಕ್ಷಣವೇ ಇಲ್ಲ. ಪೊಟರೆ ಬುಡದಲ್ಲಿ ನೆಲ ನೋಡಿದ್ರೆ ಬೀಜದ ರಾಶಿ, ಅಲ್ಲೇ ಮೊಳಕೆ ಬಂದಿರೋವು ಬೇರೆ.

ಗಂಡು ಸತ್ರೆ ಗೂಡೇ ಹೋಯ್ತು ಅಂತ ಲೆಕ್ಕ. ಹಾಗೇ ಆ ಟೈಮಲ್ಲಿ ಸುತ್ತಮುತ್ತ ಹಣ್ಣಿನ ಮರ ಇಲ್ಲ ಅಂದ್ರೂ ಹೋಯ್ತು. ಗೋಳಿ, ಬಸರಿ, ಅತ್ತಿ ಯಾಕೆ ಮುಖ್ಯ ಅಂದ್ರೆ ಬೇರೆ ಮರಗಳ ಥರ ಎಲ್ಲಾ ಒಂದೇ ಸೀಸನ್‌ನಲ್ಲಿ ಬಿಡಲ್ಲ, ಈ ಮರ ಈಗ ಬಿಟ್ರೆ ಆ ಮರ ಎರಡು ತಿಂಗಳು ಬಿಟ್ಟು, ಅದ್ರಿಂದ ಬೇರೆ ಏನೂ ಹಣ್ಣಿಲ್ಲದ ದಿನಗಳಲ್ಲೂ ಕಾಡು ಹಸಿವಿಂದ ಇರಲ್ಲ. ಕೆಂಜಳಿಲು, ಕುಟ್ರ ಹಕ್ಕಿ, ರಾತ್ರಿ ಪುನುಗು, ಬಾವಲಿ, ಎಲ್ಲಾ ಅಲ್ಲೇ. ಕಕ್ಕಬೆ ಅವ್ರೇ, ಬೇರೆ ಏನು ಕೊಟ್ರೂ ಆ ಗೋಳಿ ಮಾತ್ರ ಕೊಡ್ಬೇಡಿ ದಯವಿಟ್ಟು. ಟಿಂಬರ್ ಲೆಕ್ಕದಲ್ಲಿ ಅದಕ್ಕೆ ಬೆಲೇನೂ ಇಲ್ಲ.

ಸಿದ್ದಾಪುರ_ರೋಬಸ್ಟಾ
ಓದಿ ಖುಷಿಯಾಯ್ತು, ಆದ್ರೆ ನಮ್ಮ ಕಡೆ ಪರಿಸ್ಥಿತಿನೂ ಕೇಳಿ. ಇಲ್ಲಿ ಆನೆ ಅಂದ್ರೆ ನೋಡೋಕೆ ಹೋಗೋ ಪ್ರಾಣಿ ಅಲ್ಲ, ಬೆಳಿಗ್ಗೆ ಎದ್ದು ಬಾಗಿಲು ತೆಗೆಯೋಕೆ ಮುಂಚೆ ಕಿವಿ ಕೊಟ್ಟು ಕೇಳ್ಬೇಕು. ಹಲಸಿನ ಸೀಸನ್ ಬಂದ್ರೆ ಹಿಂಡು ತೋಟ ಬಿಟ್ಟು ಕದಲಲ್ಲ, ಕೆರೆ ಇದೆ ನೀರಿದೆ ನೆರಳಿದೆ, ಇಲ್ಲೇ ಮರಿ ಹಾಕಿ ಇಲ್ಲೇ ಬೆಳೆಸ್ತಾವೆ. ಲದ್ದಿಯಲ್ಲಿ ಕಾಫಿ ಬೀಜ ಸಿಗುತ್ತೆ, ಹಣ್ಣು ತಿನ್ನೋದು ಕಲ್ತಿವೆ. ಕೆಲ್ಸಕ್ಕೆ ಬೆಳಿಗ್ಗೆ ಮಂಜಲ್ಲಿ ನಡ್ಕೊಂಡು ಬರೋ ಜನ, ಲೈನ್‌ಮನೆ (ತೋಟದ ಕೆಲಸದವ್ರ ಸಾಲುಮನೆ) ಮಕ್ಳು, ಇವ್ರ ಪಾಡು ಏನು? ನಮ್ಮ ಪಕ್ಕದ ತೋಟದ ಲೈನಿನ ಒಬ್ರು ಹಾಗೇ ಆನೆಗೆ ಸಿಕ್ಕಿ ಹೋದ್ರು, ಮಗಳ ಮದುವೆ ಗೊತ್ತಾಗಿತ್ತು. ಅದಾದ್ಮೇಲೆ ನಮ್ಮಲ್ಲಿ ಹಲಸಿನ ಮರ ಕಡಿಸಿದ ತೋಟಗಳು ಉಂಟು, ಎಳೇ ಕಾಯಲ್ಲೇ ಕಿತ್ತು ಹೂಳೋರೂ ಉಂಟು. ಅವ್ರನ್ನ ತಪ್ಪು ಅನ್ನೋಕೆ ನಂಗೆ ಬಾಯಿ ಬರಲ್ಲ. ಕಾಡುಮರ ಉಳಿಸಿ ಅನ್ನೋರು ಈ ಮಾತಿಗೂ ಉತ್ತರ ಕೊಡ್ಬೇಕು.

ತಿತಿಮತಿ_ಅಂಚು
ಸಿದ್ದಾಪುರದ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ, ನಮ್ಮದೂ ಅದೇ ಬದುಕು. ಆದ್ರೆ ಆನೆ ಯಾಕೆ ಬಂತು ಅಂತ ಹಿಂದೆ ಹೋಗಿ ನೋಡ್ಬೇಕು ಅಣ್ಣ.

ನಮ್ಮ ಕಡೆ ರಿಸರ್ವ್ ಒಳಗೆ ಹೋಗಿ ನೋಡಿ, ಎಷ್ಟೋ ಜಾಗದಲ್ಲಿ ಬರೀ ತೇಗದ ನೆಡುತೋಪು, ಬ್ರಿಟಿಷರ ಕಾಲದಿಂದ ಹಾಕ್ಕೊಂಡು ಬಂದಿದ್ದು. ತೇಗದ ಕೆಳಗೆ ಆನೆಗೆ ಏನಿದೆ? ಬೇಸಿಗೇಲಿ ಎಲೆ ಉದುರಿ ಬಟಾಬಯಲು, ಕೆಳಗೆ ಪೂರ್ತಿ ಲಂಟಾನ ಅನ್ನೋ ಕಳೆಪೊದೆ, ಆನೆ ಅದನ್ನ ಮುಟ್ಟಲ್ಲ, ಅದು ಹಬ್ಬಿದ ಕಡೆ ಹುಲ್ಲು ಬೆಳೆಯಲ್ಲ. ಬಿದಿರು ಇತ್ತಲ್ಲ, ಅದು ಹಿಂಡು ಹಿಂಡಾಗಿ ಒಟ್ಟಿಗೆ ಹೂಬಿಟ್ಟು ಒಟ್ಟಿಗೆ ಸಾಯೋ ಜಾತಿ, ನಲವತ್ತು ಐವತ್ತು ವರ್ಷಕ್ಕೊಮ್ಮೆ. ಸತ್ತ ಮೇಲೆ ಮತ್ತೆ ಬೀಜದಿಂದ ಎದ್ದು ಮೆಳೆ ಆಗೋಕೆ ಎಷ್ಟೋ ವರ್ಷ ಬೇಕು, ಆ ಗ್ಯಾಪಲ್ಲಿ ಲಂಟಾನ ನುಗ್ಗಿಬಿಡುತ್ತೆ. ಜೊತೆಗೆ ಕಾಡಿಂದ ಕಾಡಿಗೆ ಆನೆ ನಡೆಯೋ ದಾರಿಗಳಲ್ಲಿ ಮನೆ, ರೆಸಾರ್ಟು, ಬೇಲಿ. ಮೈಸೂರು–ಕೋಯಿಕ್ಕೋಡ್ 400 ಕೆವಿ ಲೈನು ಎಳೆದಾಗ ನಮ್ಮ ಜಿಲ್ಲೇಲಿ ಸಾವಿರ ಸಾವಿರ ಮರ ಉರುಳಿದ್ದು ಎಲ್ರೂ ಕಣ್ಣಾರೆ ನೋಡಿದೀವಿ.

ಕಂದಕ ತೋಡಿದ್ರು, ಮಳೆಗೆ ಮಣ್ಣು ಕುಸಿದು ತುಂಬ್ಕೊಂಡಿತು. ಸೋಲಾರ್ ಬೇಲಿ ಹಾಕಿದ್ರು, ಆನೆ ಮರದ ಕೊಂಬೆ ಬೀಳಿಸಿ ದಾಟ್ತು, ನೋಡ್ಕೊಳ್ಳೋರು ಇಲ್ದೆ ಬಳ್ಳಿ ಹಬ್ಬಿದ್ರೆ ಕರೆಂಟೇ ಇರಲ್ಲ. ಹಳೇ ರೈಲು ಹಳಿ ಬೇಲಿ ಗಟ್ಟಿ, ಆದ್ರೆ ದುಬಾರಿ, ಎಲ್ಲಿ ನಿಲ್ಸಿದ್ರೋ ಅಲ್ಲಿಂದ ಸುತ್ತಿ ಬಂದು ಇನ್ನೊಬ್ರ ತೋಟಕ್ಕೆ ನುಗ್ಗುತ್ತೆ. ಕಾಡೊಳಗೆ ತೇಗ ತೆಳು ಮಾಡಿ ಲಂಟಾನ ಕಿತ್ತು ಹುಲ್ಲು, ಬಿದಿರು ಬರೋ ಹಾಗೆ ಮಾಡೋತನಕ ಯಾವ ಬೇಲಿನೂ ಪೂರ್ತಿ ಉತ್ತರ ಅಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮತ್ತೆ ಸಿಲ್ವರ್ ಹಾಕಿದ್ರೆ ಆನೆ ಬರಲ್ಲ ಅಂತ ಯಾರೂ ಅಂದ್ಕೋಬೇಡಿ. ಪೂರ್ತಿ ಸಿಲ್ವರ್ ಇರೋ ತೋಟದಲ್ಲೂ ಬರ್ತಾವೆ, ಬಾಳೆ ಇದ್ರೆ ಬಾಳೆ, ಬೈನೆ (ತಾಳೆ ಥರದ ಮರ) ಇದ್ರೆ ಬೈನೆ, ಇಲ್ದಿದ್ರೆ ಕೆರೆಗೆ.

ಸಿದ್ದಾಪುರ_ರೋಬಸ್ಟಾ
ಅದು ಒಪ್ದೆ. ಸಿಲ್ವರ್ ತೋಟದಲ್ಲೂ ಬರೋದು ನಿಜ. ಆದ್ರೆ ಮನೆ ಹತ್ರ, ಲೈನ್ ಹತ್ರ ಹಲಸು ಇಡ್ಬೇಡಿ ಅಂತ ಮಾತ್ರ ಹೇಳೇ ಹೇಳ್ತೀನಿ. ಇದ್ರೆ ಕಾಯಿ ಸಣ್ಣದಿರುವಾಗ್ಲೇ ಇಳಿಸ್ಬಿಡಿ.

ತಿತಿಮತಿ_ಅಂಚು
ಅದಕ್ಕೆ ನನ್ನದೂ ಒಪ್ಪಿಗೆ ಅಣ್ಣ. ಮನೆ ಸುತ್ತ ಬೇರೆ ಲೆಕ್ಕ, ಮೇಲಿನ ಕಾಡಂಚು ಬೇರೆ ಲೆಕ್ಕ.

ಭಾಗಮಂಡಲ_ಜೇನು
ಜೇನಿನ ಕಡೆಯಿಂದ ಎರಡು ಮಾತು. ರೋಬಸ್ಟಾ ತನ್ನ ಹೂವಿನ ಪರಾಗಕ್ಕೆ ತಾನೇ ಕಚ್ಚಲ್ಲ, ಬೇರೆ ಗಿಡದ ಪರಾಗ ಬೇಕೇ ಬೇಕು. ಅರೇಬಿಕಾ ತಾನೇ ಕಚ್ಚುತ್ತೆ, ಆದ್ರೂ ಜೇನು ಓಡಾಡಿದ ತೋಟದಲ್ಲಿ ಕಾಯಿ ಚೆನ್ನಾಗಿ ನಿಲ್ಲುತ್ತೆ. ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಬಿದ್ದು ತೋಟ ಬೆಳ್ಳಗಾದಾಗ ಬರೋ ಹೆಜ್ಜೇನು ಎಲ್ಲಿ ಕಟ್ಟುತ್ತೆ? ಎತ್ತರದ ಕಾಡುಮರದ ಕೊಂಬೇಲಿ. ತುಡುವೆ, ಅಂದ್ರೆ ಪೆಟ್ಟಿಗೇಲೂ ಸಾಕೋ ಜೇನು, ಎಲ್ಲಿರುತ್ತೆ? ಪೊಟರೇಲಿ. ಕಾಫಿ ಹೂವು ಇರೋದು ನಾಲ್ಕೈದು ದಿನ, ಉಳಿದ ವರ್ಷ ಪೂರ್ತಿ ಅವುಕ್ಕೆ ಊಟ ಹಾಕೋದು ಕಾಡಿನ ಹೂವು. 1990ರ ದಶಕದ ಶುರುವಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳು ಸಾಲು ಸಾಲು ಖಾಲಿಯಾದ್ವು, ನಮ್ಮ ಹಿರಿಯರು ಈಗ್ಲೂ ಅದನ್ನ ನೆನೆಸ್ಕೊಂಡ್ರೆ ಮಾತು ನಿಲ್ಸ್ತಾರೆ. ಆಮೇಲೆ ಮತ್ತೆ ಪೆಟ್ಟಿಗೆ ತುಂಬಿದ್ದು ಕಾಡಲ್ಲಿ ಉಳಿದ ಹುಟ್ಟುಗಳಿಂದ. ಅದ್ರಿಂದ ಪೊಟರೆ ಮರ ಅಂದ್ರೆ ಹಾಳು ಮರ ಅಂತ ಕಡಿಸ್ಬೇಡಿ.

ನೀಲಗಿರಿ ಮಾರ್ಟನ್ ಬಗ್ಗೆ ಯಾರೋ ಬರ್ದಿದ್ರಲ್ಲ. ಕಪ್ಪು ಕಂದು ಮೈ, ಕತ್ತಿನ ಕೆಳಗೆ ಪೂರ್ತಿ ಕಿತ್ತಳೆ ಹಳದಿ, ಉದ್ದ ಬಾಲ. ಜೇನು ಅಂದ್ರೆ ಅದಕ್ಕೆ ಬಹಳ ಇಷ್ಟ. ಪಶ್ಚಿಮಘಟ್ಟ ಬಿಟ್ರೆ ಇನ್ನೆಲ್ಲೂ ಇಲ್ಲದ ಪ್ರಾಣಿ ಅದು, ನೋಡಿದೋರು ಫೋಟೊ ಸಿಗ್ದಿದ್ರೂ ದಿನ, ಜಾಗ ಬರ್ದಿಟ್ಕೊಳ್ಳಿ.

ನಾಪೋಕ್ಲು_ಮನೆ
ದೇವರಕಾಡು ಬಗ್ಗೆ ಇಲ್ಲಿ ಒಂದು ಸಾಲಲ್ಲಿ ಮುಗಿಸಿದೀರ, ಅದು ಸಾಲ್ದು. ನಮ್ಮ ಜಿಲ್ಲೇಲಿ 1,214 ದೇವರಕಾಡು ಲೆಕ್ಕಕ್ಕೆ ಇವೆ, ಒಂದೊಂದು ಊರಿಗೂ ಒಂದಾದ್ರೂ ಇರ್ಬೇಕು. ಅಯ್ಯಪ್ಪ, ಭಗವತಿ, ಮಹಾದೇವ. ಅಯ್ಯಪ್ಪನ ಕಾಡಿಗೆ ಹೋದ್ರೆ ಮರದ ಬುಡದಲ್ಲಿ ಹರಕೆ ಒಪ್ಪಿಸಿದ ಮಣ್ಣಿನ ನಾಯಿಗಳು ಸಾಲಾಗಿ ಕೂತಿರ್ತಾವೆ, ಹಳೇವು ಮಳೆಗೆ ಮೂಗು ಕಿವಿ ಕರಗಿ ಪಾಚಿ ಹಿಡ್ದು, ಹೊಸಾವು ಕೆಂಪಗೆ. ಅಲ್ಲಿ ಒಂದು ಕಡ್ಡಿ ತರಲ್ಲ, ಕೋವಿ ಒಯ್ಯಲ್ಲ, ಬಿದ್ದ ಮರ ಬಿದ್ದಲ್ಲೇ. ನಮ್ಮತ್ತೆ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗೋರು, ಮಕ್ಳು ಜೋರಾಗಿ ಮಾತಾಡಿದ್ರೆ ಕಣ್ಣಲ್ಲೇ ಸುಮ್ಮನಾಗಿಸೋರು.

ಆದ್ರೆ ನೋಡಿ, 1905ರಲ್ಲಿ ಇಡೀ ಕೊಡಗಿನ ದೇವರಕಾಡು ಒಟ್ಟು 15,500 ಎಕರೆ ಆಸುಪಾಸು ಇತ್ತು, 1985ಕ್ಕೆ ಬಂದಾಗ 6,300 ಎಕರೆ. ಅರ್ಧಕ್ಕಿಂತ ಜಾಸ್ತಿ ಹೋಗಿದೆ. ಹೊರಗಿಂದ ಬಂದು ಯಾರೋ ತಿಂದ್ರು ಅಂತ ಹೇಳೋಕಾಗುತ್ತಾ? ಅಂಚಿನ ಬೇಲಿ ವರ್ಷಕ್ಕೊಂದಿಷ್ಟು ಒಳಗೆ ಸರಿದಿದ್ದು, ಊರಿನವ್ರು ಸುಮ್ಮನಿದ್ದಿದ್ದು. ಉಳಿದವು ಎಷ್ಟೋ ಒಂದೆರಡು ಎಕರೆ ತುಂಡು. ಆ ತುಂಡಲ್ಲಿ ಬೀಜ ಬಿದ್ರೆ ಅದನ್ನ ಇನ್ನೊಂದು ತುಂಡಿಗೆ ಒಯ್ಯೋಕೆ ಹಕ್ಕಿ ಬೇಕು, ಹಕ್ಕಿಗೆ ಮಧ್ಯೆ ಕೂರೋಕೆ ನಿಮ್ಮ ತೋಟದ ಮರ ಬೇಕು.

ಮನೆ ಅಡುಗೆ ಲೆಕ್ಕನೂ ನೋಡಿ. ಕಕ್ಕಡ ಹದಿನೆಂಟರ ಹಬ್ಬಕ್ಕೆ (ನಮ್ಮ ಮಳೆಗಾಲದ ಕಕ್ಕಡ ತಿಂಗಳ 18ನೇ ದಿನ) ಮದ್ದುಸೊಪ್ಪು ಎಲ್ಲಿಂದ ತರ್ತೀವಿ? ತೋಟದ ಹಳ್ಳದ ಬದಿಯಿಂದ, ನೆರಳು ತಂಪು ಇದ್ರೇ ಅದು ಬರೋದು. ಅಡುಗೆಗೆ ಹಾಕೋ ಕಪ್ಪು ಹುಳಿ ಕಾಚಂಪುಳಿ ಕಾಡಿನ ಪಣಪುಳಿ ಹಣ್ಣಿಂದ. ಬೈಂಬಳೆ (ಕಳಲೆ), ಗುಡುಗು ಬಂದ್ಮೇಲೆ ಏಳೋ ಕೂಮು (ಅಣಬೆ), ಎಲ್ಲಾ ಅದೇ. ಹಬ್ಬ ಮಾತ್ರ ಇಟ್ಕೊಂಡು ಹಬ್ಬದ ಗಿಡ ಕಳ್ಕೊಳ್ಳೋಕಾಗಲ್ಲ.

ಮಳೆಗಾಲದ_ಟಾರ್ಚು
ದೊಡ್ಡ ಪ್ರಾಣಿ ಮಾತೇ ಆಯ್ತು. ಜೂನ್‌ನಲ್ಲಿ ಮೊದಲ ಜೋರು ಮಳೆ ಬಿದ್ದ ರಾತ್ರಿ ಕಾಡುಮರ ಇರೋ ತೋಟಕ್ಕೆ ಟಾರ್ಚು ಹಿಡ್ಕೊಂಡು ಹೋಗಿ. ಟಿಕ್ ಟಿಕ್ ಅಂತ ನಾಲ್ಕೂ ಕಡೆಯಿಂದ, ಎದೆ ಎತ್ತರದ ಕಾಫಿ ಎಲೆ ಮೇಲೆ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಪೊದೆಗಪ್ಪೆ, ಗಂಟಲು ಬಲೂನಿನ ಹಾಗೆ ಉಬ್ಬಿಸ್ಕೊಂಡು ಕೂಗ್ತಾ ಇರುತ್ತೆ. ಇವುಗಳ ವಿಶೇಷ ಏನಂದ್ರೆ ಗೊದಮೊಟ್ಟೆ ಅನ್ನೋದೇ ಇಲ್ಲ. ನೀರಲ್ಲಿ ಮೊಟ್ಟೆ ಇಡಲ್ಲ, ಎಲೆ ಮೇಲೋ ತರಗೆಲೆ ಅಡಿಯಲ್ಲೋ ಇಡ್ತಾವೆ, ಮೊಟ್ಟೆ ಒಳಗೇ ಪೂರ್ತಿ ಬೆಳೆದು ಸೀದಾ ಪುಟ್ಟ ಕಪ್ಪೆಯಾಗಿ ಹೊರಗೆ ಬರುತ್ತೆ. ಅಂದ್ರೆ ಆ ಅಷ್ಟೂ ದಿನ ಎಲೆ, ನೆಲ ಒಣಗ್ಬಾರ್ದು. ಮೇಲೆ ಹಲವು ಅಂತಸ್ತಿನ ನೆರಳು, ಕೆಳಗೆ ಬಗೆಬಗೆ ಎಲೆ ಕೊಳೀತಾ ಇರೋ ನೆಲ ಬೇಕು. ಒಂದೇ ಜಾತಿ ಸಿಲ್ವರ್ ಇರೋ ಕಡೆ ಎಲೆ ಬೇಗ ಕೊಳೆಯಲ್ಲ, ಬಿಸಿಲು ನೇರ ಇಳಿಯುತ್ತೆ.

ಕೊಡಗಿನ ಇರುಳುಗಪ್ಪೆ ಒಂದಿದೆ, ಸಿ.ಆರ್. ನಾರಾಯಣ ರಾವ್ ಅವ್ರು 1920ರಲ್ಲಿ ಬ್ರಹ್ಮಗಿರಿ ಬೆಟ್ಟಸಾಲಿಂದ ವಿವರಿಸಿದ್ದು. ಆಮೇಲೆ ಯಾರಿಗೂ ಸಿಗ್ಲಿಲ್ಲ, ನಿರ್ನಾಮ ಆಯ್ತು ಅಂದ್ಕೊಂಡಿದ್ರು. 91 ವರ್ಷ ಆದ್ಮೇಲೆ, 2011ರಲ್ಲಿ ಎಸ್.ಡಿ. ಬಿಜು ಮತ್ತು ಜೊತೆಗಾರರು ಮತ್ತೆ ಸಿಕ್ಕಿದ್ದನ್ನ ಪ್ರಕಟಿಸಿದ್ರು. ಅಷ್ಟು ವರ್ಷ ಅದು ಇಲ್ಲೇ ಹಳ್ಳದ ಬದೀಲಿ ಇತ್ತು. ಹಾಗೆ ಹೆಸ್ರು ಇಲ್ಲದೆ, ಲೆಕ್ಕಕ್ಕೆ ಸಿಗದೆ ಇರೋವು ಇನ್ನೆಷ್ಟಿವೆಯೋ. ತೋಟದ ಹಳ್ಳದ ಎರಡೂ ಬದಿ ಪೊದೆ ಸವರ್ಬೇಡಿ, ಕಳೆನಾಶಕ ಹೊಡೀಬೇಡಿ, ಇಷ್ಟು ಮಾಡಿದ್ರೂ ದೊಡ್ಡ ಉಪಕಾರ.

ಮಾದಾಪುರ_ಇಳಿಜಾರು
ನಾನು ಒಂದೇ ಮಾತು ಸೇರಿಸ್ತೀನಿ. 2018ರ ಆಗಸ್ಟ್ ನೋಡಿದೋರು ನಾವು. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಗುಡ್ಡಗಳೇ ಕೆಸರಾಗಿ ಇಳಿದು ಬಂದ್ವು. 2020ರಲ್ಲಿ ತಲಕಾವೇರಿಯಲ್ಲೇ ಬೆಟ್ಟ ಕುಸೀತು. ಮರ ಇದ್ರೆ ಕುಸಿಯೋದೇ ಇಲ್ಲ ಅಂತ ಹೇಳೋದು ಸುಳ್ಳು, ಕಾಡು ಇದ್ದ ಕಡೆನೂ ಜಾರಿದೆ, ಆ ಮಳೆಯೇ ಹಾಗಿತ್ತು. ಆದ್ರೆ ರಸ್ತೆಗೆ ಮನೆಗೆ ಹೋಂಸ್ಟೇಗೆ ಅಂತ ಜೆಸಿಬಿ ತಂದು ಗುಡ್ಡದ ಬುಡ ಕಡಿದು ನಿಲ್ಸಿದ ಕಡೆ, ನೀರು ಹೋಗೋ ದಾರಿ ಮುಚ್ಚಿದ ಕಡೆ, ಆದ ಅನಾಹುತ ಬೇರೆಯೇ. ಕಕ್ಕಬೆ ಅವ್ರೇ, ನಿಮ್ಮ ಜಾಗ ಕಡಿದಾದ ಇಳಿಜಾರು ಆಗಿದ್ರೆ ಒಂದೇ ಸಲಕ್ಕೆ ದೊಡ್ಡ ಮರ ಎಲ್ಲ ತೆಗೀಬೇಡಿ. ಮರ ಹೋದ ಕೆಲವು ವರ್ಷ ಕಳೆದ ಮೇಲೆ ಬೇರು ಕೊಳೀತಾವೆ, ಹೊಸ ಗಿಡದ ಬೇರು ಆಗಿನ್ನೂ ಇಳಿದಿರಲ್ಲ. ಮರ ಎಳೆಯೋಕೆ ಅಂತ ಮಾಡೋ ದಾರಿನೂ ನೀರಿಗೆ ಕಾಲುವೆ ಆಗುತ್ತೆ.

ಕಕ್ಕಬೆ_ಏಲಕ್ಕಿ
ಎಲ್ರಿಗೂ ಬಹಳ ಥ್ಯಾಂಕ್ಸ್, ಇಷ್ಟು ಬರೀತೀರ ಅಂದ್ಕೊಂಡಿರ್ಲಿಲ್ಲ. ಅಣ್ಣನಿಗೆ ಫೋನಲ್ಲೇ ಓದಿ ಹೇಳ್ದೆ. ಹೆಜ್ಜೇನು ಮತ್ತೆ ಇಳಿಜಾರಿನ ಮಾತಿಗೆ ಸುಮ್ಮನಾದ್ರು, ಆದ್ರೆ ಮೆಣಸಿನ ವಿಷಯ ಬಿಡ್ತಾ ಇಲ್ಲ. ಸಿಲ್ವರ್ ನೆಟ್ಟಗೆ ಬೆಳೆಯುತ್ತೆ, ಕಡಿಯೋಕೆ ಬೀಟೆ ಹೊನ್ನೆ ಥರ ಪರ್ಮಿಶನ್ ರಗಳೆ ಇಲ್ಲ, ಕಷ್ಟಕ್ಕೆ ಮಾರಬಹುದು ಅಂತಾರೆ. ಇದಕ್ಕೆ ಏನು ಹೇಳ್ಲಿ?

ಶನಿವಾರಸಂತೆ_ಬೆಳೆಗಾರ
ನಿಮ್ಮಣ್ಣ ಹೇಳೋದ್ರಲ್ಲಿ ಸುಳ್ಳಿಲ್ಲ, ನಮ್ಮ ಕಡೆ ಸಿಲ್ವರ್ ಜಾಸ್ತಿ ಆಗಿದ್ದೇ ಈ ಕಾರಣಕ್ಕೆ. ರೈತ ತಾನೇ ಬೆಳೆಸಿದ ಕಾಡುಮರಕ್ಕೆ ಕಾಗದ ಹಿಡ್ಕೊಂಡು ಅಲೀಬೇಕು, ಆಸ್ಟ್ರೇಲಿಯಾದಿಂದ ಬಂದ ಮರಕ್ಕೆ ಕೇಳೋರಿಲ್ಲ ಅಂದ್ರೆ ಯಾರು ತಾನೇ ಕಾಡುಮರ ನೆಡ್ತಾರೆ. ಈ ನಿಯಮ ಬದಲಾಗ್ಲೇಬೇಕು, ನೆಟ್ಟವನಿಗೆ ಹಕ್ಕು ಕೊಟ್ರೆ ನಾಳೆಯಿಂದ್ಲೇ ಜನ ಬೀಟೆ ನೆಡ್ತಾರೆ.

ಆದ್ರೆ ಲೆಕ್ಕ ಬೆರೆಸಿ ಹಾಕಿ. ಸಿಲ್ವರ್ ಬೇಕೇ ಬೇಕು ಅಂದ್ರೆ ಮನೆ ಕಡೆ, ರಸ್ತೆ ಕಡೆ, ಸಮತಟ್ಟು ಜಾಗದಲ್ಲಿ ಖಾಲಿ ಇರೋ ಕಡೆ ಹಾಕಿ. ಇರೋ ಮರ ತೆಗೆದು ಹಾಕ್ಬೇಡಿ. ಮೆಣಸು ಹಲಸು, ಹೆಬ್ಬಲಸು, ಹಾಲವಾಣ ಎಲ್ಲದಕ್ಕೂ ಚೆನ್ನಾಗಿ ಹತ್ತುತ್ತೆ, ತೊಗಟೆ ಉದುರಿಸೋ ಮರ ಮಾತ್ರ ಬಿಡಿ. ನೆರಳು ಜಾಸ್ತಿ ಅನ್ನೋದು ಮರಗಸಿ (ನೆರಳುಮರದ ಕೊಂಬೆ ಸವರೋದು) ಸರಿಯಾಗಿ ಮಾಡದ ಸಮಸ್ಯೆ, ಅದಕ್ಕೆ ಮರ ಉರುಳಿಸೋದು ಯಾಕೆ? ಕೆಳಗಿನ ಕೊಂಬೆ ಎತ್ತರಿಸಿ ಬಿಟ್ರೆ ಬೆಳಕೂ ಬರುತ್ತೆ, ಗಾಳಿನೂ ಆಡುತ್ತೆ.

ಗಾಳಿಬೀಡು_ಮಳೆ
ಮರಗಸಿ ಮಾತಿಗೆ ಒಂದು ಎಚ್ಚರಿಕೆ. ಸಾಮಾನ್ಯವಾಗಿ ಮುಂಗಾರಿಗೆ ಮುಂಚೆ, ಏಪ್ರಿಲ್ ಮೇ ಹೊತ್ತಲ್ಲಿ ಮಾಡಿಸ್ತೀವಿ, ಅದೇ ಟೈಮಲ್ಲಿ ಮಂಗಟ್ಟೆ ಮರಿ ಗೂಡೊಳಗೆ ಇರುತ್ತೆ. ಮರ ಹತ್ತೋ ಹುಡುಗ್ರಿಗೆ ಮೊದ್ಲೇ ಹೇಳಿ, ದೊಡ್ಡ ಪೊಟರೆ ಇರೋ ಮರ ಆ ವರ್ಷ ಬಿಟ್ಟು ಬೇರೆ ಮಾಡಲಿ. ಅವ್ರಿಗೇ ಯಾವ ಮರದಲ್ಲಿ ಏನಿದೆ ಅಂತ ನಮಗಿಂತ ಚೆನ್ನಾಗಿ ಗೊತ್ತಿರುತ್ತೆ, ಕೇಳಿದ್ರೆ ಹೇಳ್ತಾರೆ.

ಇನ್ನೊಂದು, ಕಾಡಂಚಿನ ಸಾಲಲ್ಲಿ ಮರದಿಂದ ಮರಕ್ಕೆ ಕೊಂಬೆ ತಾಗೋ ಹಾಗೆ ಬಿಡಿ. ಸಿಂಗಳೀಕ ನೆಲಕ್ಕೆ ಇಳಿಯೋದೇ ಅಪರೂಪ, ಕೊಂಬೆ ಕೊಂಬೆ ಮೇಲೇ ಬದುಕು. ಕೆಂಜಳಿಲಿಗೂ ಅಷ್ಟೇ. ದಕ್ಷಿಣಕ್ಕೆ ಬ್ರಹ್ಮಗಿರಿ, ಶ್ರೀಮಂಗಲ ಕಡೆ ಕರೀ ಮುಸುವ ಅಂದ್ರೆ ನೀಲಗಿರಿ ಲಂಗೂರ್ ಇದೆ, ಕೊಡಗೇ ಅದರ ಉತ್ತರದ ಕೊನೆ, ಇಲ್ಲಿಂದ ಮೇಲೆ ಸಿಗಲ್ಲ. ರಸ್ತೆ ಅಗಲ ಮಾಡಿ ಮೇಲಿನ ಕೊಂಬೆ ಬೇರೆಯಾದ ಕಡೆ ಇವೆಲ್ಲ ನೆಲಕ್ಕೆ ಇಳಿದು ವಾಹನಕ್ಕೆ ಸಿಗ್ತಾವೆ.

ಬೆಂಗ್ಳೂರಲ್ಲಿರೋ_ಕೊಡಗಿನವ
ಹುಲ್ಲುಗಾವಲು ಬಗ್ಗೆ ಯಾರೂ ಜಾಸ್ತಿ ಹೇಳ್ಲಿಲ್ಲ. ಅಲ್ಲೂ ಮರ ನೆಟ್ರೆ ಕಾಡು ಜಾಸ್ತಿ ಆಗಲ್ವಾ? ಮಳೆಗಾಲದಲ್ಲಿ ಗಿಡ ನೆಡೋಕೆ ಗುಂಪು ಕಟ್ಕೊಂಡು ಬರೋಣ ಅಂತಿದೀವಿ.

ಗಾಳಿಬೀಡು_ಮಳೆ
ದಯವಿಟ್ಟು ಹುಲ್ಲಿನ ಮೇಲೆ ನೆಡ್ಬೇಡಿ. ಅದು ಮರ ಹೋಗಿ ಬೋಳಾದ ಗುಡ್ಡ ಅಲ್ಲ, ಅದು ಇರೋದೇ ಹಾಗೆ. ಮೇಲೆ ಮಣ್ಣು ತೆಳು, ಗಾಳಿ ಜೋರು, ಮಣ್ಣು ಆಳ ಇರೋ ಮಡಿಕೇಲಿ ಮಾತ್ರ ಶೋಲಾ. ಹುಲ್ಲು, ಶೋಲಾ ಎರಡೂ ಸೇರಿ ಮಳೆ ನೀರನ್ನ ಹಿಡಿದು ನಿಧಾನ ಬಿಡೋದ್ರಿಂದ್ಲೇ ಬೇಸಿಗೇಲೂ ತೊರೆ ಹರಿಯೋದು. ಲಕ್ಷ್ಮಣತೀರ್ಥ ಬ್ರಹ್ಮಗಿರಿಯಿಂದ, ಕುಮಾರಧಾರ ಪುಷ್ಪಗಿರಿಯಿಂದ, ಎಲ್ಲಾ ಈ ನೆತ್ತಿಗಳಿಂದ್ಲೇ. ಕಾಟಿ, ಕಡವೆ ಮೇಯೋಕೆ ಬರೋದೂ ಅಲ್ಲಿಗೆ. 2021ರಲ್ಲಿ ಮಾಂದಲಪಟ್ಟಿ, ಕೋಟೆಬೆಟ್ಟದಲ್ಲಿ ಕುರಿಂಜಿ ಅರಳಿ ಇಡೀ ಗುಡ್ಡ ನೀಲಿ ಆಗಿದ್ದು ನೆನಪಿರ್ಬೇಕು, ಆ ಗಿಡ ಮರದ ನೆರಳಲ್ಲಿ ಬರಲ್ಲ. ಆಗ ಜನ ಕಿತ್ಕೊಂಡು ಹೋದ್ರು, ಜೀಪು ಹುಲ್ಲಿನ ಮೇಲೇ ಹತ್ತಿಸಿದ್ರು, ಆ ಚಕ್ರದ ಗುರುತು ಮಳೆಗೆ ಕೊರಕಲಾಗಿ ಈಗ್ಲೂ ಇದೆ. ಬರೋದಾದ್ರೆ ನಡ್ಕೊಂಡು ಬನ್ನಿ, ಲಂಟಾನ ಕೀಳೋ ಕೆಲ್ಸಕ್ಕೆ ಬನ್ನಿ, ಅದಕ್ಕೆ ಕೈ ಬೇಕು.

ಬೆಂಗ್ಳೂರಲ್ಲಿರೋ_ಕೊಡಗಿನವ
ಸರಿ ಸರ್, ಗುಂಪಲ್ಲಿ ಹೇಳ್ತೀನಿ. ಲಂಟಾನ ಕೀಳೋಕೆ ಅನುಮತಿ ಬೇಕಾಗುತ್ತಾ?

ತಿತಿಮತಿ_ಅಂಚು
ರಿಸರ್ವ್ ಒಳಗೆ ಆದ್ರೆ ಬೇಕೇ ಬೇಕು, ರೇಂಜ್ ಆಫೀಸಲ್ಲಿ ಮೊದ್ಲು ಕೇಳಿ. ತೋಟದಲ್ಲಿ, ಬಾಣೆಯಲ್ಲಿ (ಗದ್ದೆಗೆ ಸೇರಿದ ಮರ, ಹುಲ್ಲಿನ ಜಾಗ) ಆದ್ರೆ ಮಾಲೀಕರು ಒಪ್ಪಿದ್ರೆ ಸಾಕು. ಬೇರು ಸಮೇತ ಬರ್ಬೇಕು, ಬುಡದ ಮೇಲೆ ಸವರಿದ್ರೆ ಮತ್ತೆ ಎರಡರಷ್ಟು ಚಿಗುರುತ್ತೆ. ಹಣ್ಣು ಕಪ್ಪಾಗೋ ಮುಂಚೆ ಕಿತ್ರೆ ಹಕ್ಕಿ ಬೀಜ ಹರಡಲ್ಲ. ಕಿತ್ತ ಜಾಗ ಖಾಲಿ ಬಿಡ್ಬೇಡಿ, ಊರಿನ ಹುಲ್ಲಿನ ಬೀಜ ಚೆಲ್ಲಿ, ಮುಂದಿನ ವರ್ಷ ಮತ್ತೆ ಬಂದು ಉಳಿದ ಮೊಳಕೆ ತೆಗೀಬೇಕು.

ಪೊನ್ನಂಪೇಟೆ_ಹಕ್ಕಿನೋಟ
ತೋಟದಲ್ಲಿ ಬಿದ್ದ ಮರದ ಜಾಗಕ್ಕೆ ಗಿಡ ಬೇಕಾದೋರಿಗೆ, ಇಲ್ಲಿ ಪೊನ್ನಂಪೇಟೆ ಅರಣ್ಯ ಕಾಲೇಜಲ್ಲೂ ಇಲಾಖೆ ನರ್ಸರಿಗಳಲ್ಲೂ ವಿಚಾರಿಸಿ, ಮೇ ಕೊನೆಗೇ ಹೇಳಿಟ್ರೆ ಒಳ್ಳೇದು. ಹೆಬ್ಬಲಸು, ನಾಗಸಂಪಿಗೆ, ಪಣಪುಳಿ, ನೇರಳೆ ಕೇಳಿ. ಗೋಳಿ ಅತ್ತಿಗೆ ದುಡ್ಡು ಕೊಡ್ಬೇಕಾಗಿಲ್ಲ, ಹಳೇ ಗೋಡೆ ಸಂದಿ, ಮೋರಿ ಹತ್ರ ಹಕ್ಕಿ ಹಾಕಿದ ಬೀಜದ ಗಿಡ ಇರುತ್ತೆ, ಜೂನಲ್ಲಿ ಎರಡು ಮಳೆ ಆದ್ಮೇಲೆ ಹುಷಾರಾಗಿ ಬೇರು ಬಿಡಿಸಿ ಕವರಿಗೆ ಹಾಕಿ ಒಂದು ವರ್ಷ ಮನೆ ಹತ್ರ ಸಾಕಿ ನೆಡಿ. ಕಾಡಂಚಲ್ಲಿ ನೆಟ್ರೆ ಕಡವೆ, ಕಾಡುಕುರಿ ಚಿಗುರು ಮೇಯ್ತಾವೆ, ಮೊದಲ ಎರಡು ಮೂರು ವರ್ಷ ಸುತ್ತ ಮುಳ್ಳು ಕಟ್ಟಿ.

ಕಕ್ಕಬೆ_ಏಲಕ್ಕಿ
ವ್ಯಾಪಾರಿಗೆ ಬೇಡ ಅಂತ ಹೇಳಿ ಆಯ್ತು. ಮೇಲಿನ ಕಾಡಂಚು, ಹಳ್ಳದ ಎರಡು ಬದಿ ಮುಟ್ಟಲ್ಲ, ರಸ್ತೆ ಪಕ್ಕದ ಖಾಲಿ ಪಟ್ಟೀಲಿ ಮಾತ್ರ ಅಣ್ಣ ಸಿಲ್ವರ್ ಹಾಕ್ತಾರೆ, ಅದಕ್ಕೆ ನಾನೂ ಒಪ್ದೆ. ಹೆಬ್ಬಲಸಿಗೆ ಮೆಣಸು ಹತ್ತಿಸೋಕೆ ಬಳ್ಳಿ ಎಲ್ಲಿ ಒಳ್ಳೇದು ಸಿಗುತ್ತೆ, ಯಾವ ತಳಿ ನಮ್ಮ ಮಳೆಗೆ ತಡೆಯುತ್ತೆ ಅಂತ ಶನಿವಾರಸಂತೆ ಅವ್ರು ಬೇರೆ ಮೆಸೇಜ್ ಮಾಡಿ ಸರ್.